ಮಾಳಮ್ಮ ದಾಟಿಸಿದ ವರ್ಷ

ಒಣಗಿ ಬಿರಿದ ಎರೆಮಣ್ಣಿಗೆ ಕಾಲುವೆಯ ನೀರು ಬಿದ್ದಾಗ ಏಳುವ ವಾಸನೆ ಮಳೆಯ ವಾಸನೆಯಂಥದ್ದಲ್ಲ. ಅದರಲ್ಲಿ ಪಾಚಿಯ ಘಾಟು ಇರುತ್ತದೆ, ಬಹಳ ದೂರ ಹರಿದು ಬಂದ ನೀರಿನ ದಣಿವು ಇರುತ್ತದೆ. ಹೋದ ತಿಂಗಳು ಆಫೀಸಿನ ಕೆಲಸದ ಮೇಲೆ ಯಾದಗಿರಿಯಿಂದ ಶಹಾಪುರದ ಕಡೆಯ ಕಾಲುವೆ ಕ್ಯಾಂಪಿಗೆ ಹೋಗಿ ಜೀಪಿನಿಂದ ಇಳಿದಾಗ ಆ ವಾಸನೆ ಮೂಗಿಗೆ ಬಡಿಯಿತು. ಕ್ಯಾಂಪು ಮೊದಲಿನಂತಿಲ್ಲ. ಕ್ವಾರ್ಟರ್ಸುಗಳ ಮೇಲಿನ ಶೀಟು ಹಾರಿಹೋಗಿ ಒಳಗೆಲ್ಲ ಜಾಲಿ ಬೆಳೆದಿದೆ. ನಾನು ಮತ್ತು ಮಾಳಮ್ಮ ಇದ್ದ ಮನೆಗೆ ಈಗ ಬಾಗಿಲೇ ಇಲ್ಲ. ಹೊಸ್ತಿಲ ಮೇಲೆ ಯಾರದೋ ಆಡು ಮಲಗಿ ಮೆಲುಕು ಹಾಕುತ್ತಿತ್ತು.

ಆಫೀಸಿನಲ್ಲಿ ಹೊಸದಾಗಿ ಬಂದ ಇಂಜಿನಿಯರು ಚಹಾ ತರಿಸಿದರು. ಮೂವತ್ತೂ ದಾಟದ ವಯಸ್ಸು, ಮಾತು ಚುರುಕು. ಹಳೆಯ ಯಂತ್ರಗಳನ್ನೆಲ್ಲ ಯಾಕೆ ಬದಲಿಸಬೇಕು ಎಂದು ನನಗೆ ವಿವರಿಸತೊಡಗಿದರು. ಕೆಲವು ಕಂಪ್ಯೂಟರುಗಳಿಗೆ ತಾರೀಖು ಅನ್ನುವುದೇ ಗೊತ್ತಿಲ್ಲ, ಅವು ಸಾವಿರದ ಒಂಬೈನೂರಾ ಎಪ್ಪತ್ತನೇ ಇಸವಿ ಹುಟ್ಟಿದ ಕ್ಷಣದಿಂದ ಸೆಕೆಂಡುಗಳನ್ನು ಎಣಿಸುತ್ತ ಕೂತಿವೆ, ಆ ಎಣಿಕೆ ಹಿಡಿಯಲು ಅವುಗಳೊಳಗೆ ಮಾಡಿಟ್ಟ ಜಾಗ ಎರಡು ಸಾವಿರದ ಮೂವತ್ತೆಂಟರಲ್ಲಿ ತುಂಬಿಹೋಗುತ್ತದೆ, ಆಮೇಲೆ ಅವು ಏಕಾಏಕಿ ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗಿಬಿಡುತ್ತವೆ ಎಂದರು. ಹೇಳಿ ತಾವೇ ನಕ್ಕರು.

"ಎರಡು ಸಾವಿರದಾಗೂ ಹಿಂಗ ಅಂಜಿಸಿದ್ರಂತಲ್ಲ ಮೇಡಂ? ವಿಮಾನ ಬೀಳ್ತಾವ, ಬ್ಯಾಂಕ್ ಮುಳುಗ್ತಾವ ಅಂತ. ಏನಾಯ್ತು? ಏನೂ ಆಗಲಿಲ್ಲ."

"ಹೌದು, ಏನೂ ಆಗಲಿಲ್ಲ" ಅಂದೆ. ಬೇರೆ ಏನು ಹೇಳಲಿ? ಚಹಾ ಕುಡಿದು ಹೊರಗೆ ಬಂದೆ. ಕಾಲುವೆಯ ಏರಿಯ ಮೇಲೆ ಸ್ವಲ್ಪ ದೂರ ನಡೆದೆ. ಆ ವರ್ಷ ಪೂರ್ತಿ ಎದುರಿಗೆ ಬಂದು ನಿಂತಿತು.

ನಾನು ಸುರಪುರದವಳು. ಅಪ್ಪ ಪ್ರೈಮರಿ ಸಾಲೆಯ ಮಾಸ್ತರರು. ನಮ್ಮ ಮನೆಯಲ್ಲಿ ಬುದ್ಧನ ಫೋಟೋದ ಕೆಳಗೆ ಕೂತು ಓದಿ ಮೇಲೆ ಬಂದವಳು ನಾನು. ಟೈಪಿಂಗ್ ಪಾಸು ಮಾಡಿ, ತೊಂಬತ್ತೊಂಬತ್ತರ ಬೇಸಿಗೆ ಮುಗಿಯುವ ಹೊತ್ತಿಗೆ ಈ ಕ್ಯಾಂಪಿಗೆ ಕ್ಲಾರ್ಕಾಗಿ ಬಂದೆ. ಒಂಟಿ ಹೆಣ್ಣುಮಕ್ಕಳಿಗೆ ಬೇರೆ ಬೇರೆ ಮನೆ ಕೊಡಲು ಆಗುವುದಿಲ್ಲ ಎಂದು ಸಾಹೇಬರು ನನ್ನನ್ನು ಕಂಪ್ಯೂಟರ್ ಆಪರೇಟರ್ ಮಾಳಮ್ಮನ ಜೊತೆ ಹಾಕಿದರು. ಟ್ರಂಕು ಹಿಡಿದು ಬಾಗಿಲಲ್ಲಿ ನಿಂತಾಗ ಆಕೆ ಶೇಂಗಾ ಸುಲಿಯುತ್ತ ಕೂತಿದ್ದಳು. ಸಣ್ಣ ಮೈ, ದೊಡ್ಡ ಕಣ್ಣು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ.

"ಗೊರಕಿ ಹೊಡಿತೀಯೇನು?" ಅದು ಆಕೆಯ ಮೊದಲ ಮಾತು.

"ಇಲ್ರಿ."

"ನಾ ಹೊಡಿತೀನಿ. ಈಗ ಬಾ ಒಳಗ. ರೀ-ಗೀ ಬ್ಯಾಡ."

ಮಾಳಮ್ಮ ಸಗರದವಳು. ಅವರದು ಕುರಿ ಕಾಯುವ ಮನೆತನ. ಅಪ್ಪ ತೀರಿಕೊಂಡಿದ್ದ. ಅವ್ವ ಮತ್ತು ಅಣ್ಣ ಈಗಲೂ ಕುರಿ ಮೇಯಿಸುತ್ತ, ಇದ್ದ ಒಣಹೊಲದಲ್ಲಿ ಜೋಳ, ತೊಗರಿ ಬೆಳೆಯುತ್ತಿದ್ದರು. ಗುಲಬರ್ಗಾದಲ್ಲಿ ಹಾಸ್ಟೆಲಿನಲ್ಲಿದ್ದು ಕಂಪ್ಯೂಟರ್ ಡಿಪ್ಲೊಮಾ ಓದಿ ಬಂದ ಮಗಳು ಅವರ ಇಡೀ ಬಳಗಕ್ಕೇ ಒಂದು ಸೋಜಿಗ. ಆಕೆಯೋ ಕಂಪ್ಯೂಟರಿನ ಜೊತೆ ಕುರಿಯ ಜೊತೆ ಮಾತಾಡಿದಂತೆಯೇ ಮಾತಾಡುತ್ತಿದ್ದಳು. ಯಂತ್ರ ಯೋಚಿಸುತ್ತ ನಿಂತುಬಿಟ್ಟರೆ ನಾಲಿಗೆಯಿಂದ ಟಕಟಕ ಸದ್ದು ಮಾಡಿ, "ನಡಿ ನಡಿ, ಮುಂದ ಹೊಂಡು" ಅನ್ನುತ್ತಿದ್ದಳು. ಪಕ್ಕದ ಕೋಣೆಯಲ್ಲಿದ್ದ ಸಾಹೇಬರು ಒಳಗೊಳಗೇ ನಗುತ್ತಿದ್ದರು.

ನಮ್ಮ ಕೆಲಸ ನೀರಿನ ಪಾಳಿ ಕಟ್ಟುವುದು. ದೊಡ್ಡ ಕಾಲುವೆಯಿಂದ ಹರಿದು ಬಂದ ನೀರನ್ನು ಸಣ್ಣ ಕಾಲುವೆಗಳಿಗೆ ಒಂದಾದ ಮೇಲೆ ಒಂದರಂತೆ ಬಿಡಬೇಕು. ಎಲ್ಲರಿಗೂ ಒಮ್ಮೆಲೇ ಬಿಟ್ಟರೆ ತುದಿಗೆ ಹನಿಯೂ ಮುಟ್ಟುವುದಿಲ್ಲ. ಗೇಟು ನೋಡಿಕೊಳ್ಳುವ ಹುಸೇನಸಾಬರು ದಿನಾಲು ಸೈಕಲ್ ಮೇಲೆ ಬಂದು ಯಾವ ಗೇಟು ಎತ್ತಿದರು, ಯಾವುದು ಇಳಿಸಿದರು ಎಂದು ಹೇಳುತ್ತಿದ್ದರು. ಅದನ್ನು ನಾನು ಟೈಪು ಮಾಡುತ್ತಿದ್ದೆ. ಯಾರು ನೀರು ಕಂಡು ಎಷ್ಟು ದಿನವಾಯಿತು ಎಂದು ಯಂತ್ರ ಲೆಕ್ಕ ಹಾಕುತ್ತಿತ್ತು. ಬಹಳ ದಿನ ಕಾದವರ ಪಾಳಿ ಮೊದಲು. ಆ ಪಾಳಿಯನ್ನು ಊರೂರಲ್ಲಿ ಡಂಗುರ ಸಾರುತ್ತಿದ್ದರು.

ಯಂತ್ರ ಬರುವ ಮುಂಚೆ ಪಾಳಿ ಕಟ್ಟುವುದೆಂದರೆ ಜಗಳವೇ ಆಗಿತ್ತಂತೆ. ಕಾಲುವೆಯ ಮೇಲಿನ ಕಡೆ ಹೊಲ ಇದ್ದವರು ಬಲವಿದ್ದವರು. ಆಫೀಸಿಗೆ ಬಂದು ಮೇಜು ಕುಟ್ಟಿ ತಮ್ಮ ಪಾಳಿ ಹಿಂದೆ ಮುಂದೆ ಮಾಡಿಸಿಕೊಂಡು ಹೋಗುತ್ತಿದ್ದರು. ಯಂತ್ರ ಬಂದ ಮೇಲೆ ಅದು ನಿಂತಿತು. "ಮಿಷಿನ್ ಹೇಳ್ಯಾದ ನೋಡ್ರಿ, ನನ್ನ ಕೈಯಾಗ ಏನಿಲ್ಲ" ಎಂದು ಸಾಹೇಬರು ಕಾಗದ ಮುಂದೆ ಹಿಡಿದರೆ ಎಂಥ ಗೌಡನೂ ಸುಮ್ಮನೆ ಎದ್ದು ಹೋಗುತ್ತಿದ್ದ.

ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಮಾಳಮ್ಮ ನನ್ನನ್ನು ಕೂಗಿದಳು. ಹೊಸ ವರ್ಷಕ್ಕೆ ಎಲ್ಲ ಕಂಪ್ಯೂಟರುಗಳನ್ನು ಸಜ್ಜು ಮಾಡಿಕೊಳ್ಳಬೇಕೆಂದು ಮೇಲಿನಿಂದ ಸೂಚನೆ ಬಂದಿತ್ತು. ಏನಾಗಬಹುದೆಂದು ನೋಡಲು ಆಕೆ ಯಂತ್ರದ ತಾರೀಖನ್ನು ತಾನೇ ಮುಂದೂಡಿ ಎರಡು ಸಾವಿರದ ಜನವರಿಗೆ ತಂದು ನಿಲ್ಲಿಸಿದ್ದಳು. ಪಾಳಿ ತೆಗೆದು ಹಾಳೆ ನನ್ನ ಕೈಗೆ ಕೊಟ್ಟಳು.

"ಓದು."

ಓದಿದೆ. ಕಾಲುವೆಯ ಬಾಯಿಗೇ ಇರುವ ಊರಿಗೆ ಮೊದಲ ಪಾಳಿ. ಅದಾದ ಮೇಲೆ ಮತ್ತೆ ಅದೇ ಊರಿಗೆ. ಮುಂದಿನ ಹಾಳೆಯಲ್ಲೂ ಅದೇ. ತುದಿಯ ಊರುಗಳು ಎಲ್ಲಕ್ಕೂ ಕೆಳಗೆ ಬಿದ್ದಿದ್ದವು. ಎಷ್ಟು ದಿನ ಮುಂದಕ್ಕೆ ಹೋದರೂ ಮೇಲೆ ಬರಲೇ ಇಲ್ಲ.

"ಯಾಕ ಹಿಂಗ?"

"ವರ್ಷ ಬರಿಯಾಕ ಇದಕ್ಕ ಎರಡೇ ಅಂಕಿ ಜಾಗ ಕೊಟ್ಟಾರ. ಆಗ ಕಂಪ್ಯೂಟರಿನಾಗ ಜಾಗ ಭಾಳ ತುಟ್ಟಿ ಇತ್ತು, ಹತ್ತೊಂಬತ್ತು ಯಾಕ ಬರಿಯೋದು ಅಂತ ಬಿಟ್ಟಾರ. ತೊಂಬತ್ತೊಂಬತ್ತು ಆದ ಮ್ಯಾಲ ಸೊನ್ನಿ ಸೊನ್ನಿ. ಅದರ ತಿಳುವಳಿಕ್ಯಾಗ ಅದು ಸಾವಿರದ ಒಂಬೈನೂರನೇ ಇಸವಿ. ತೊಂಬತ್ತೊಂಬತ್ತರಾಗ ನೀರು ಕಂಡವರು ಇನ್ನ ಹುಟ್ಟೇ ಇಲ್ಲ ಅಂತದ ಇದು. ಅವರು ಕಾದದ್ದು ಲೆಕ್ಕಕ್ಕೇ ಇಲ್ಲ. ಪಟ್ಟ್ಯಾಗ ಮೊದಲಿದ್ದ ಊರಿಗಿ ಸೊನ್ನಿ ಸೊನ್ನ್ಯಾಗ ಒಮ್ಮಿ ನೀರು ಹೋತಂದ್ರ, ಆಮ್ಯಾಲ ಅವರು ಕಾದದ್ದಷ್ಟೇ ಎಣಿಸ್ತದ, ಮತ್ತ ಅವರಿಗೇ ಕೊಡ್ತದ."

ನಾನು ಇನ್ನೂ ಕಣ್ಣು ಮಿಟುಕಿಸುತ್ತಿದ್ದೆ. ಆಕೆ ಮೇಜಿನ ಮೇಲಿನ ಶೇಂಗಾಕಾಳು ಸರಿಸಿ ತೋರಿಸಿದಳು.

"ನಮ್ಮಪ್ಪಗ ಇಪ್ಪತ್ತರ ಮ್ಯಾಲ ಎಣಿಕಿ ಬರ್ತಿದ್ದಿಲ್ಲ. ಇಪ್ಪತ್ತು ಕುರಿ ಒಳಗ ಹೋದ್ವು ಅಂದ್ರ ಒಂದು ಕಲ್ಲು ಕಡಿಗಿ ಇಟ್ಟು, ಮತ್ತ ಒಂದರಿಂದ ಎಣಿಸ್ತಿದ್ದ. ಇದಕ್ಕ ಎಣಿಸೋದು ಕಲಿಸ್ಯಾರ, ಕಲ್ಲು ಇಡೋದು ಕಲಿಸಿಲ್ಲ. ಅಷ್ಟ."

ಹಾಳೆಗಳನ್ನು ಆಕೆ ಒಂದರ ಮೇಲೊಂದು ಜೋಡಿಸಿಟ್ಟಳು. ಆಮೇಲೆ, "ಮ್ಯಾಲಿನವರಿಗಿ ಎರಡು ಸಲ ಹೋದ್ರ ಅವರ್ಯಾಕ ಹೇಳ್ತಾರ? ಕೊನಿಯವರು ಬಂದು ಒದರಿದ್ರ ಮಿಷಿನ್ ಹೇಳ್ಯಾದ ಅಂತ ನಾವ ಕಳಿಸ್ತೀವಿ. ಅವರೂ ನಂಬಿ ಹೋಗ್ತಾರ ಸುಜಾತಾ" ಅಂದಳು.

ಆ ಪ್ರೋಗ್ರಾಮು ಬರೆದ ಇಂಜಿನಿಯರು ಎಂದೋ ವರ್ಗವಾಗಿ ಹೋಗಿದ್ದರು, ಆಮೇಲೆ ತೀರಿಯೂ ಹೋಗಿದ್ದರು. ಅವರು ಬರೆದದ್ದನ್ನು ಒಂದೊಂದೇ ಸಾಲು ಬಿಡಿಸಿಕೊಂಡು ಓದುವುದೇ ಮಾಳಮ್ಮನ ಪಾಲಿಗೆ ಬಂತು. ವರ್ಷದ ಮಾತು ಒಂದು ಕಡೆಯಲ್ಲ, ಹತ್ತಾರು ಕಡೆ ಅಡಗಿತ್ತು. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ತಪ್ಪು ಬರುತ್ತಿತ್ತು.

ಅದೇ ದಿನಗಳಲ್ಲಿ ಆಕೆಯ ಉಸಿರು ಕಡಿಮೆಯಾಗುತ್ತ ಬಂತು. ಮೊದಲಿನಿಂದಲೂ ಕಾಲುವೆಯ ಏರಿ ಹತ್ತುವಾಗ ನಡುವೆ ನಿಂತು ಸೊಂಟದ ಮೇಲೆ ಕೈ ಇಟ್ಟು, "ನೀರು ನೋಡಾಕ ನಿಂತೀನಿ" ಅನ್ನುತ್ತಿದ್ದಳು. ನಾನು ನಂಬಿದ್ದೆ. ಚಳಿ ಶುರುವಾದ ಮೇಲೆ ಮಲಗಲು ಎರಡು ದಿಂಬು ಬೇಕಾಯಿತು, ಆಮೇಲೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡತೊಡಗಿದಳು. ಒಂದು ದಿನ ಆಫೀಸಿನ ನೀರಿನ ಕೊಡ ಎತ್ತಲು ಹೋಗಿ ಅಲ್ಲೇ ಕುಸಿದಳು. ನಾನೇ ಗುಲಬರ್ಗಾಕ್ಕೆ ಕರೆದುಕೊಂಡು ಹೋದೆ. ಎದೆಯ ಮೇಲೆ ಬಹಳ ಹೊತ್ತು ಕೊಳವೆ ಇಟ್ಟು ಕೇಳಿದ ಡಾಕ್ಟರು, ಸಣ್ಣವಳಿದ್ದಾಗ ಕೀಲು ಬಾತು ಜ್ವರ ಬಂದಿತ್ತೇ ಎಂದು ಕೇಳಿದರು. ಬಂದಿತ್ತು. ಕುರಿ ಹಟ್ಟಿಯಲ್ಲಿ ಯಾರು ಅದನ್ನು ದೊಡ್ಡದು ಮಾಡಿಯಾರು? ಆ ಜ್ವರ ಎದೆಯೊಳಗಿನ ಒಂದು ಕವಾಟವನ್ನು ಕಿರಿದು ಮಾಡಿಬಿಟ್ಟಿತ್ತು. ಹೈದರಾಬಾದಿಗೆ ಹೋದರೆ ತೊಡೆಯ ನರದೊಳಗಿಂದ ಬಲೂನು ಹಾಕಿ ಅದನ್ನು ಅಗಲ ಮಾಡುತ್ತಾರೆ, ತಡ ಮಾಡಬೇಡಿ ಎಂದರು. ಅಲ್ಲಿಯ ಆಸ್ಪತ್ರೆಯವರು ಡಿಸೆಂಬರಿಗೆ ಬರಲು ಹೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಆಕೆ ನಗುತ್ತಲೇ ಇದ್ದಳು. "ನೋಡು, ನಂದೂ ಗೇಟಿಂದೇ ತೊಂದ್ರಿ. ಹುಸೇನಸಾಬರಿಗಿ ಹೇಳಿದ್ರ ಎತ್ತಿ ಬಿಡ್ತಿದ್ರು."

ಆದರೆ ಡಿಸೆಂಬರು ಬಂದಾಗ ಆಕೆ ಹೋಗಲಿಲ್ಲ. ಪೋಸ್ಟಾಫೀಸಿನ ಪಕ್ಕದ ಬೂತಿನಿಂದ ಹೈದರಾಬಾದಿಗೆ ಫೋನು ಮಾಡಿ, ಜನವರಿ ಕೊನೆಗೆ ಬರುತ್ತೇನೆ ಎಂದು ಹೇಳಿಬಿಟ್ಟಳು. ನನಗೆ ಗೊತ್ತಾದ ದಿನ ಮನೆಯಲ್ಲಿ ದೊಡ್ಡ ಜಗಳವಾಯಿತು.

"ನಿನಗ ಬುದ್ಧಿ ಅದ ಏನು ಮಾಳಮ್ಮ? ಡಾಕ್ಟರು ತಡ ಮಾಡಬ್ಯಾಡ್ರಿ ಅಂದದ್ದು ನಿನ್ನ ಕಿವಿಗಿ ಬಿದ್ದಿಲ್ಲೇನು?"

"ಇಪ್ಪತ್ತು ವರ್ಷ ತಡೆದದ, ಇನ್ನೊಂದು ತಿಂಗಳು ತಡಿತದ."

"ಸರ್ಕಾರದ ಕೆಲಸ ನೀ ಇಲ್ಲಂದ್ರೂ ನಡಿತದ."

"ನಡಿತದ. ಮ್ಯಾಲಿನವರಿಗಿ ನಡಿತದ." ಆಕೆಯ ದನಿ ಏರಿತು, ಜೊತೆಗೇ ಉಸಿರು ಸಿಕ್ಕಿಕೊಂಡಿತು. ಗೋಡೆ ಹಿಡಿದು ನಿಂತು ಸುಧಾರಿಸಿಕೊಂಡು ಮೆಲ್ಲಗೆ ಹೇಳಿದಳು. "ನಾವು ಕುರಿ ಹೊಡ್ಕೊಂಡು ತುದಿ ಕಾಲುವಿ ಮಟ ಹೋಗ್ತಿದ್ವಿ. ಅಲ್ಲಿ ಮಂದಿ ಒಣ ಕಾಲುವ್ಯಾಗ ಇಳಿದು, ಕಿವಿ ನೆಲಕ್ಕ ಹಚ್ಚಿ ನೀರು ಬರಾಕತ್ತದೇನು ಅಂತ ಕೇಳ್ತಿದ್ರು. ನಾನೂ ಕೇಳೀನಿ. ಆ ವರ್ಷ ಬರಲೇ ಇಲ್ಲ. ಅರ್ಧ ತಿದ್ದಿ ಬಿಟ್ಟು ಹೋದ್ರ ನನಗ ಆ ಆಸ್ಪತ್ರ್ಯಾಗ ನಿದ್ದಿ ಹತ್ತಂಗಿಲ್ಲ."

ಮರುದಿನ ನಾನು ಸಾಹೇಬರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಗಾಬರಿಯಾಗಿ ಮಾಳಮ್ಮನನ್ನು ಕರೆಸಿದರು. "ನೀ ಮೊದಲ ಹೋಗಿ ಆಪರೇಷನ್ ಮಾಡಿಸ್ಕೊಂಡು ಬಾರವ್ವ. ಪಾಳಿ ನಾವು ಹೆಂಗರ ಮಾಡಿ ಕೈಲೆ ಕಟ್ತೀವಿ" ಅಂದರು. ಆಕೆ ತಲೆಯಾಡಿಸಿದಳು. "ಕೈಲೆ ಕಟ್ಟಿದ್ರ ಮತ್ತ ಮೇಜು ಕುಟ್ತಾರ್ರಿ ಸರ್" ಅಂದಳು. ಕೊನೆಗೆ ಸಾಹೇಬರು, ಜನವರಿಯ ತಾರೀಖು ಮಾತ್ರ ತಪ್ಪಬಾರದು, ಜೀಪು ತಾವೇ ಕೊಡುತ್ತೇವೆ ಎಂದು ಮಾತು ತೆಗೆದುಕೊಂಡರು.

ಆ ತಿಂಗಳು ನಾವಿಬ್ಬರೂ ಒಂದೇ ಮೇಜಿಗೆ ಕೂತು ಕೆಲಸ ಮಾಡಿದೆವು. ಆಕೆ ಗೋಡೆಗೆ ದಿಂಬು ಒರಗಿಸಿಕೊಂಡು ಸಾಲು ಹೇಳುತ್ತಿದ್ದಳು, ನಾನು ಟೈಪು ಮಾಡುತ್ತಿದ್ದೆ. ಹಳೆಯ ವರ್ಷಗಳ ಮಾಹಿತಿಯನ್ನೆಲ್ಲ ನಾಲ್ಕು ಅಂಕಿಗೆ ಬದಲಿಸಲು ಹೊತ್ತೂ ಇರಲಿಲ್ಲ, ಯಂತ್ರದಲ್ಲಿ ಜಾಗವೂ ಇರಲಿಲ್ಲ. ಆಕೆ ಒಂದು ಉಪಾಯ ಮಾಡಿದಳು. ಐವತ್ತಕ್ಕಿಂತ ಕೆಳಗಿನ ಅಂಕಿ ಕಂಡರೆ ಅದು ಎರಡು ಸಾವಿರದ್ದೆಂದೂ, ಐವತ್ತು ಮತ್ತು ಅದರ ಮೇಲಿನದು ಕಂಡರೆ ಸಾವಿರದ ಒಂಬೈನೂರರದ್ದೆಂದೂ ತಿಳಿದುಕೊಳ್ಳಲು ಯಂತ್ರಕ್ಕೆ ಕಲಿಸಿದಳು.

"ಅಂದ್ರ ಐವತ್ತು ಬಂದಾಗ ಮತ್ತ ಇದೇ ಗೋಳು" ಅಂದೆ.

"ಬರ್ಲಿ. ಅಷ್ಟೊತ್ತಿಗಿ ನಾವಿಬ್ಬರೂ ಮುದುಕಿ ಆಗಿರ್ತೀವಿ. ಬಡಿಗಿ ಊರ್ಕೊಂಡು ಬಂದು, ಏ ತಮ್ಮಾ, ಇಲ್ಲಿ ತಿದ್ದು ಅಂತ ತೋರಿಸಿ ಹೋಗೋಣ." ಹಾಗೆ ಹೇಳಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ಬೇಗ ನಿಲ್ಲಲಿಲ್ಲ.

ಒಮ್ಮೆ ಆಕೆಯ ಅವ್ವ ಸಗರದಿಂದ ಬಂದಿದ್ದರು. ಎತ್ತರದ, ಗಟ್ಟಿ ಎಲುಬಿನ ಹೆಂಗಸು. ಕೊಡೇಕಲ್ಲಿನ ಗುಡಿಗೆ ಹೋಗಿ ಹರಕೆ ಹೊತ್ತು, ಅಲ್ಲಿಯ ಭಂಡಾರದ ಅರಿಶಿನವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದಿದ್ದರು. ಮಗಳ ಹಣೆಗೆ ಹಚ್ಚಿದರು, ಸ್ವಲ್ಪ ತಡೆದು ನನ್ನ ಹಣೆಗೂ ಹಚ್ಚಿದರು. ನಾನು ಚಹಾ ಮಾಡಿ ತಂದೆ. ಅವರು ಲೋಟ ಮುಟ್ಟಲಿಲ್ಲ. "ಈಗ ಬ್ಯಾಡವ್ವ, ಹೊಟ್ಟಿ ಸುಮಾರದ" ಅಂದರು. ನಮ್ಮ ಕೇರಿಯವರ ಕೈಯ ನೀರು ಮುಟ್ಟದವರು ನನಗೆ ಹೊಸಬರಲ್ಲ. ಮಾಳಮ್ಮನ ಮುಖ ಮಾತ್ರ ಕೆಂಪಾಯಿತು. ಅವ್ವನ ಪಾಲಿನ ಚಹಾವನ್ನೂ ತಾನೇ ಎತ್ತಿ, ಅವರ ಎದುರಿಗೇ ಗಟಗಟ ಕುಡಿದುಬಿಟ್ಟಳು.

ಹೊಸ ವರ್ಷದ ಮೊದಲ ದಿನ ಬೆಳಿಗ್ಗೆ ಬಿಸಿಲು ಬಂದ ಮೇಲೆ ನಾವೆಲ್ಲ ಆಫೀಸಿನಲ್ಲಿ ಕೂಡಿದೆವು. ಸಾಹೇಬರು, ಹುಸೇನಸಾಬರು, ನಾನು, ಮಾಳಮ್ಮ. ಮಾಳಮ್ಮ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಯಂತ್ರ ಶುರು ಮಾಡಿದಳು. ಪರದೆಯ ಮೇಲೆ ತಾರೀಖು ಮೂಡಿತು: ಸಾವಿರದ ಒಂಬೈನೂರಾ ಎಂಬತ್ತು, ಜನವರಿ.

ಹುಸೇನಸಾಬರು ಬಗ್ಗಿ ನೋಡಿದರು. "ಯಾ ಅಲ್ಲಾ! ಬೇಟಿ, ಎಂಬತ್ತರಾಗ ಈ ಕಾಲುವಿ ಕಟ್ಟಿದ್ದೇ ಇಲ್ಲ. ನನ್ನ ನೌಕರಿ ಹೋತು!"

ಎಲ್ಲರೂ ನಕ್ಕೆವು. ಮಾಳಮ್ಮ ಹೆದರಲಿಲ್ಲ. ಯಂತ್ರದೊಳಗಿನ ಗಡಿಯಾರಕ್ಕೂ ಹೊಸ ಶತಮಾನ ಗೊತ್ತಿಲ್ಲ, ಗೊತ್ತಿಲ್ಲದ್ದು ಬಂದರೆ ಅದು ತನ್ನ ಹುಟ್ಟಿದ ವರ್ಷಕ್ಕೆ ಓಡಿಹೋಗುತ್ತದೆ ಎಂದು ಆಕೆಗೆ ಗೊತ್ತಿತ್ತು. ತಾರೀಖನ್ನು ಕೈಯಿಂದ ಕೂಡಿಸಿ ಮತ್ತೆ ಶುರು ಮಾಡಿದಳು. ಈ ಸಲ ಸರಿ ನಿಂತಿತು. ಆಮೇಲೆ ಪಾಳಿ ತೆಗೆದಳು. ಪ್ರಿಂಟರು ಕಿರ್ರ್ ಕಿರ್ರ್ ಎಂದು ಹಾಳೆ ಉಗುಳತೊಡಗಿತು. ಎಲ್ಲಕ್ಕೂ ಮೇಲೆ, ಬಹಳ ದಿನದಿಂದ ನೀರು ಕಾಣದ ತುದಿಯ ಊರುಗಳ ಹೆಸರು ಇತ್ತು. ಅವುಗಳ ಕೆಳಗೆ ಒಂದೊಂದಾಗಿ ಉಳಿದವರು. ಯಾರ ಹೆಸರೂ ಎರಡು ಸಲ ಇರಲಿಲ್ಲ. ಮಾಳಮ್ಮ ಹಾಳೆ ಹರಿದು ಸಾಹೇಬರ ಕೈಗೆ ಕೊಟ್ಟು, ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು.

ಸಾಹೇಬರು ಶಹಾಪುರದಿಂದ ಜಿಲೇಬಿ ತರಿಸಿದರು. ಪೇಪರಿನವರು, ಟೀವಿಯವರು ಎಲ್ಲರೂ ಜಗತ್ತಿಗೆ ಏನೂ ಆಗಲಿಲ್ಲ ಎಂದರು. ಕ್ಯಾಂಪಿನ ಚಹಾದಂಗಡಿಯಲ್ಲಿ ಎಷ್ಟೋ ದಿನ ಅದೇ ನಗೆಚಾಟಿಕೆ. "ಕಂಪ್ಯೂಟರವ್ವಾ, ಲೋಕ ಮುಳುಗ್ತದಂದಿದ್ರಿ, ನಮ್ಮ ಎಮ್ಮಿ ಸೈತ ಮುಳುಗಲಿಲ್ಲ" ಎಂದು ಯಾರೋ ಕಿಚಾಯಿಸಿದರೆ ಮಾಳಮ್ಮನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಕೆಲಸ ಮುಗಿದಿತ್ತು. ಹೈದರಾಬಾದಿಗೆ ಹೋಗುವ ದಿನ ಹತ್ತಿರ ಬರುತ್ತಿತ್ತು. ಸಂಕ್ರಾಂತಿಗೆ ಆಕೆ ಊರಿಗೆ ಹೋಗಲಿಲ್ಲ, ಬಸ್ಸು ಹತ್ತುವ ಶಕ್ತಿ ಇರಲಿಲ್ಲ. ನಾನು ಸಜ್ಜೆ ರೊಟ್ಟಿ, ಎಣ್ಣೆಗಾಯಿ ಮಾಡಿದ್ದೆ. ಆಕೆ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು, ಸಾಕು ಎಂದಳು. ಎರಡು ದಿನ ಬಿಟ್ಟು ಜ್ವರ ಬಂತು, ಎದೆಯಲ್ಲಿ ಗುಳುಗುಳು ಸದ್ದು. ಶಹಾಪುರದ ಡಾಕ್ಟರು ಸೂಜಿ ಚುಚ್ಚಿ, ಪುಪ್ಪುಸದಲ್ಲಿ ನೀರು ತುಂಬಿದೆ, ಈಗಿಂದೀಗ ಗುಲಬರ್ಗಾಕ್ಕೆ ಹೊರಡಿ ಎಂದರು. ಸಾಹೇಬರು ಮಾತಿನಂತೆ ಜೀಪು ಕೊಟ್ಟು, ತಾವೂ ಮುಂದಿನ ಸೀಟಿನಲ್ಲಿ ಕೂತರು. ಹಿಂದಿನ ಸೀಟಿನಲ್ಲಿ ಮಾಳಮ್ಮ ನನ್ನ ಹೆಗಲಿಗೆ ಒರಗಿ ಕೂತಿದ್ದಳು. ರಸ್ತೆಯುದ್ದಕ್ಕೂ ಬಿಳಿ ಹತ್ತಿ ಬಿಡಿಸುತ್ತಿದ್ದ ಹೆಣ್ಣುಮಕ್ಕಳು ಕಾಣುತ್ತಿದ್ದರು. ಬಿಸಿಲು ಚುರುಗುಟ್ಟುತ್ತಿತ್ತು. ಆದರೂ ಆಕೆಯ ಅಂಗೈ ತಣ್ಣಗಿತ್ತು.

ಏನಾದರೂ ಮಾತಾಡುತ್ತಿರಬೇಕೆಂದು ನಾನು ಬಾಯಿಗೆ ಬಂದದ್ದು ಮಾತಾಡಿದೆ. ಹೈದರಾಬಾದಿನಲ್ಲಿ ಬಳೆ ಕೊಳ್ಳೋಣ, ವಾಪಸು ಬಂದ ಮೇಲೆ ನಮ್ಮ ಸುರಪುರಕ್ಕೆ ಕರೆದುಕೊಂಡು ಹೋಗುತ್ತೇನೆ, ಅಪ್ಪ ನಿನ್ನನ್ನು ನೋಡಬೇಕು ಅಂತಾರೆ. ಆಕೆ ಹೂಂ ಅನ್ನುತ್ತಿದ್ದಳು. ಭೀಮಾ ನದಿಯ ಸೇತುವೆ ಇನ್ನೂ ದೂರವಿತ್ತು. ಎದುರಿನಿಂದ ಲಾರಿಯೊಂದು ಹಾದುಹೋಗಿ ಜೀಪಿನೊಳಗೆಲ್ಲ ಧೂಳು ತುಂಬಿತು.

"ಪಡದಾ ಇಳಿಸು ಸುಜಾತಾ, ಧೂಳು ಬರಾಕತ್ತದ" ಅಂದಳು.

ನಾನು ಬಗ್ಗಿ ಜೀಪಿನ ಪರದೆ ಬಿಚ್ಚಿ ಇಳಿಸಿದೆ. ಗುಂಡಿ ಬಿಗಿಯಾಗಿತ್ತು, ಹಾಕಲು ಸ್ವಲ್ಪ ಹೊತ್ತು ಹಿಡಿಯಿತು. ಹಾಕಿ ಈ ಕಡೆ ತಿರುಗಿದಾಗ ಆಕೆಯ ತಲೆ ನನ್ನ ಹೆಗಲಿನಿಂದ ಕೆಳಗೆ ಜಾರಿತ್ತು. ಕರೆದೆ. ಗಲ್ಲ ತಟ್ಟಿದೆ. ಸಾಹೇಬರು ಡ್ರೈವರನಿಗೆ ಹೇಳಿ ಜೀಪು ನಿಲ್ಲಿಸಿದರು. ಅವರು ಇಳಿದು ಬಂದು, ಆಕೆಯ ಕೈ ಹಿಡಿದು ನೋಡಿ, ರಸ್ತೆಯ ಅಂಚಿಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತುಬಿಟ್ಟರು.

ಸಗರದಲ್ಲಿ ಅವರ ಹೊಲದಲ್ಲೇ ಮಣ್ಣು ಮಾಡಿದರು. ಅಣ್ಣ ಕುರಿಗಳನ್ನು ದೂರ ಹೊಡೆದು ಬಂದಿದ್ದ. ಹುಸೇನಸಾಬರು ಟೋಪಿ ತೆಗೆದು ಕೈಯಲ್ಲಿ ಹಿಡಿದು ಒಬ್ಬರೇ ಬೇವಿನ ಗಿಡದ ಕೆಳಗೆ ಕೂತಿದ್ದರು. ಅವ್ವ ಒಂದು ಸಲವೂ ಗಟ್ಟಿಯಾಗಿ ಅಳಲಿಲ್ಲ. ಅದನ್ನು ನೋಡಿ ನನಗೇ ಭಯವಾಯಿತು.

ಫೆಬ್ರುವರಿಯಲ್ಲಿ ಮಗಳ ಸಾಮಾನು ಒಯ್ಯಲು ಅವ್ವ ಕ್ಯಾಂಪಿಗೆ ಬಂದರು. ನಾನು ಸೀರೆಗಳನ್ನು ಮಡಚಿ ಟ್ರಂಕಿನಲ್ಲಿ ಇಟ್ಟಿದ್ದೆ. ಚಹಾ ಮಾಡಿ ಅವರ ಮುಂದೆ ಇಡಬೇಕೋ ಬೇಡವೋ ಎಂದು ಅನುಮಾನಿಸುತ್ತ ನಿಂತಾಗ ಅವರೇ ಕೈ ಚಾಚಿ ಲೋಟ ತೆಗೆದುಕೊಂಡರು. ಕುಡಿದರು. ಲೋಟವನ್ನು ಇಡದೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು.

"ಯವ್ವಾ, ಒಂದು ಮಾತು ಕೇಳ್ತೀನಿ. ನನ್ನ ಮಗಳು ಇಲ್ಲೇನು ಕೆಲಸ ಮಾಡಿದ್ಳು? ಕೆಲಸ ಮುಗಿಸಿ ಹೋಗ್ತೀನಿ, ಕೆಲಸ ಮುಗಿಸಿ ಹೋಗ್ತೀನಿ ಅಂತಿದ್ಳು. ಅಂಥಾದ್ದೇನಿತ್ತು ಅದು? ಊರಾಗ ಕೇಳಿದ್ರ ನನಗ ಹೇಳಾಕ ಬರಂಗಿಲ್ಲ."

ನಾನು ಹೇಳಲು ನೋಡಿದೆ. ವರ್ಷ, ಅಂಕಿ, ಯಂತ್ರ ಎಂದು ಶುರು ಮಾಡಿ ಅಲ್ಲೇ ತೊದಲಿದೆ. ಕೊನೆಗೆ, "ಕಾಲುವಿ ತುದಿ ಮಂದಿ ಪಾಳಿ ತಪ್ಪಬಾರದು ಅಂತ ನೋಡಿಕೊಂಡಾಳ್ರಿ ಯಮ್ಮಾ. ಆಕಿ ಮಾಡಿರಲಿಲ್ಲಂದ್ರ ಅವರಿಗಿ ಈ ವರ್ಷ ನೀರೇ ಸಿಗ್ತಿದ್ದಿಲ್ಲ" ಅಂದೆ. ಅವರು ತಲೆಯಾಡಿಸಿದರು. ಅರ್ಥವಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹುಸೇನಸಾಬರು ಹೇಳಿದರು, "ಇವತ್ತು ಕೊನಿಯವರ ಪಾಳಿ ಅದ. ಮುಂಜಾನೆ ನಾನೇ ಗೇಟ್ ಎತ್ತಿ ಬಂದೀನಿ. ಅಮ್ಮಾಗ ಕರ್ಕೊಂಡು ಹೋಗಿ ತೋರಿಸು ಬೇಟಿ."

ಸಾಹೇಬರು ಜೀಪು ಕೊಟ್ಟರು. ತುದಿಯ ಊರಿಗೆ ನಾವು ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು, ನೀರು ಇನ್ನೂ ಬಂದಿರಲಿಲ್ಲ. ಸಣ್ಣ ಕಾಲುವೆಯ ಎರಡೂ ದಂಡೆಗೆ ಜನ ಸಲಿಕೆ ಹಿಡಿದು ನಿಂತಿದ್ದರು. ಶೇಂಗಾದ ಎಲೆಗಳು ಬಾಡಿ ಮುದುಡಿದ್ದವು. ಒಬ್ಬ ಹೆಣ್ಣುಮಗಳು, ಮಾಳಮ್ಮನಿಗಿಂತ ಸ್ವಲ್ಪ ದೊಡ್ಡವಳಿರಬೇಕು, ನೀರು ತಿರುವಿಕೊಳ್ಳಲು ತನ್ನ ಹೊಲದ ಒಡ್ಡು ಬಿಡಿಸಿ ಕಾಯುತ್ತಿದ್ದಳು. ನಾವು ಆಕೆಯ ಬದುವಿನ ಮೇಲೆ ಕೂತೆವು.

ನೀರು ಬಂತು. ಮೊದಲು ಒಣ ಎಲೆ, ಕಡ್ಡಿ, ನೊರೆ, ಆಮೇಲೆ ಕೆಂಪು ನೀರು ನೆಲದ ಬಿರುಕುಗಳನ್ನು ತುಂಬುತ್ತ ಮೆಲ್ಲಗೆ ಮುಂದೆ ಸರಿಯಿತು. ಜನ ಕೂಗಾಡುತ್ತ ಓಡಾಡಿದರು. ಆ ಹೆಣ್ಣುಮಗಳು ನೀರನ್ನು ತನ್ನ ಹೊಲಕ್ಕೆ ತಿರುವಿ, ಸೊಂಟ ನೆಟ್ಟಗೆ ಮಾಡಿ, ನಮ್ಮ ಕಡೆ ನೋಡಿ ನಕ್ಕಳು.

"ಹೇಳಿದ ದಿನಾನೇ ಬಂತು ನೋಡ್ರಿ. ಈ ಸಲ ಬರಂಗಿಲ್ಲಂತ ಮಾಡಿದ್ವಿ."

"ಯಾರು ಹೇಳಿದ್ರವ್ವಾ?" ಎಂದು ಅವ್ವ ಕೇಳಿದರು.

"ಆಫೀಸಿನವರು. ಅಲ್ಲಿ ಯಾರೋ ಕುಂತು ಪಾಳಿ ಕಟ್ತಾರಂತ."

ಅವ್ವ ನೀರನ್ನೇ ನೋಡುತ್ತಿದ್ದರು. "ಆ ಪಾಳಿ ಕಟ್ಟಿದಾಕಿ ನನ್ನ ಮಗಳು" ಅಂದರು.

ಹೆಣ್ಣುಮಗಳ ಮುಖ ಅರಳಿತು. ಸಲಿಕೆ ಬಿಟ್ಟು ಹತ್ತಿರ ಬಂದು ಅವ್ವನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತಳು. "ಹೌದೇನ್ರಿ? ಮತ್ತ ಆಕಿನ್ನೂ ಕರ್ಕೊಂಡು ಬರಬೇಕಿಲ್ರಿ ಯಮ್ಮಾ! ನೀರು ಬಂದದ್ದು ನೋಡ್ತಿದ್ಳು."

ಅವ್ವ ಕೈ ಎತ್ತಿ ಆ ಹೆಣ್ಣುಮಗಳ ಹಣೆಯ ಮೇಲಿನ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದರು.

"ಆಕಿಗಿ ಕೆಲಸ ಅದವ್ವಾ" ಅಂದರು.

ಹೊಲ ಪೂರ್ತಿ ತೊಯ್ಯುವವರೆಗೂ ನಾವು ಅಲ್ಲೇ ಕೂತಿದ್ದೆವು.